ಬದಲಾಯಿಸುವ ಮೊದಲು ಅಳೆಯಿರಿ: ಕಾರಿನ ಇಂಜೆಕ್ಟರ್ ಮತ್ತು ಥ್ರಾಟಲ್ ಸೆನ್ಸರ್ ಬಗ್ಗೆ ಒಂದಿಷ್ಟು ಮಾತು

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಈ ವೇದಿಕೆಯಲ್ಲಿ ಆರೋಗ್ಯ, ಉಳಿತಾಯ, ವಚನ, ಮಕ್ಕಳ ಓದು ಹೀಗೆ ಅನೇಕ ವಿಷಯಗಳ ಬಗ್ಗೆ ಮಾತುಗಳಾಗಿವೆ. ಕಾರಿನ ಬಾನೆಟ್ಟಿನ ಒಳಗಿನ ವಿಷಯ ಬಹುಶಃ ಇದೇ ಮೊದಲು. ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಎಲೆಕ್ಟ್ರಾನಿಕ್ಸ್‌ನಲ್ಲಿ ಎಂಟೆಕ್ ಓದಿ, ಇಲ್ಲೇ ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ದಿನವೂ ಕೋಥ್ರೂಡಿನಿಂದ ಆಫೀಸಿಗೆ ಕಾರು ಓಡಿಸುತ್ತೇನೆ, ವರ್ಷಕ್ಕೆ ಎರಡು ಮೂರು ಸಲ ಅದೇ ಕಾರಿನಲ್ಲಿ ಧಾರವಾಡಕ್ಕೆ ಹೋಗಿಬರುತ್ತೇನೆ. ಅಷ್ಟೇ ನನ್ನ ಅರ್ಹತೆ.

ನಮ್ಮಲ್ಲಿ ಕಾರು ಓಡಿಸುವವರು ಈಗ ಬಹಳ ಜನ. ಆದರೆ ಕಾರು ಕೆಟ್ಟಾಗ ಗ್ಯಾರೇಜಿನಲ್ಲಿ ಮಾತಾಡುವವರು ಯಾರು? ಯಜಮಾನರು, ಅಣ್ಣ, ಇಲ್ಲವೇ ಪಕ್ಕದ ಫ್ಲಾಟಿನ ಕಾಕಾ. ನಾವೇ ಹೋದರೂ "ಏನಾದರೂ ಮಾಡಿ ಸರಿ ಮಾಡಿಕೊಡಿ" ಎಂದು ಕೀಲಿಕೈ ಕೊಟ್ಟು ಬರುತ್ತೇವೆ. ಸಂಜೆ ಬಿಲ್ಲು ಬರುತ್ತದೆ. ಏನು ಕೆಟ್ಟಿತ್ತು, ಏನು ಬದಲಾಯಿಸಿದರು, ಬದಲಾಯಿಸಿದ್ದು ನಿಜವಾಗಿ ಕೆಟ್ಟಿತ್ತೇ, ಇದಾವುದೂ ಗೊತ್ತಾಗುವುದಿಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಗ್ಯಾರೇಜಿನ ಸ್ಕ್ಯಾನರ್ ತೋರಿಸುವ ಕೋಡು, ಎಲ್ಲಿ ನೋಡಬೇಕು ಎಂದು ಹೇಳುತ್ತದೆ. ಯಾವ ಭಾಗವನ್ನು ಬಿಸಾಡಬೇಕು ಎಂದು ಹೇಳುವುದಿಲ್ಲ. ಥರ್ಮಾಮೀಟರು ಜ್ವರ ಇದೆ ಎಂದಷ್ಟೇ ಹೇಳುತ್ತದೆ. ಅದು ಡೆಂಗಿಯೋ ಟೈಫಾಯಿಡೋ ತಿಳಿಯಲು ರಕ್ತ ಪರೀಕ್ಷೆ ಮಾಡಲೇಬೇಕು. ಕಾರಿನಲ್ಲೂ ಕೋಡಿಗೂ ಬಿಲ್ಲಿಗೂ ನಡುವೆ ಪರೀಕ್ಷೆ ಎಂಬ ಹಂತವೊಂದಿದೆ. ಅದನ್ನು ಕೇಳಿ ಪಡೆಯುವುದು ನಮ್ಮ ಹಕ್ಕು. ಇದನ್ನು ಇಂಜೆಕ್ಟರ್ ಮತ್ತು ಥ್ರಾಟಲ್ ಸೆನ್ಸರ್ ಎಂಬ ಎರಡು ಭಾಗಗಳನ್ನು ಇಟ್ಟುಕೊಂಡು ವಿವರಿಸುತ್ತೇನೆ. ಪೆಟ್ರೋಲ್ ಕಾರುಗಳಿಗೆ ಮಾತ್ರ ಸೀಮಿತವಾಗಿ ಮಾತಾಡುತ್ತೇನೆ, ಡೀಸೆಲ್ ಕತೆ ಬೇರೆ.

ಮೊದಲು ಇವು ಏನು ಮಾಡುತ್ತವೆ ನೋಡೋಣ. ನಮ್ಮ ಅಪ್ಪಂದಿರ ಕಾಲದ ಪದ್ಮಿನಿ, ಅಂಬಾಸಡರ್ ಕಾರುಗಳಲ್ಲಿ ಕಾರ್ಬ್ಯುರೇಟರ್ ಇತ್ತು. ಚಳಿಗಾಲದ ಬೆಳಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. 2000ನೇ ಇಸವಿಯ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದಂತೆ ಕಾರುಗಳ ಹಿಂಭಾಗದಲ್ಲಿ ಎಂಪಿಎಫ್‌ಐ ಎಂಬ ಅಕ್ಷರಗಳು ಕಾಣಿಸತೊಡಗಿದವು. ಅಂದರೆ ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಬಿಎಸ್-6 ನಿಯಮ ಬಂದಮೇಲಂತೂ ಎಂಜಿನ್ನಿನ ಪ್ರತಿ ಉಸಿರನ್ನೂ ಕಂಪ್ಯೂಟರ್ ಲೆಕ್ಕ ಇಡುತ್ತದೆ. ಆ ಕಂಪ್ಯೂಟರಿಗೆ ಇಸಿಯು ಎನ್ನುತ್ತಾರೆ.

ಇಂಜೆಕ್ಟರ್ ಎಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಪುಟ್ಟ ನಲ್ಲಿ. ಅದರ ಹಿಂದೆ ಪೆಟ್ರೋಲು ಒತ್ತಡದಲ್ಲಿ ಕಾದಿರುತ್ತದೆ. ನಮ್ಮ ಸಾಮಾನ್ಯ ಕಾರುಗಳಲ್ಲಿ ಈ ಒತ್ತಡ ಸುಮಾರು 3ರಿಂದ 4 ಬಾರ್. ಇಸಿಯು ಹೇಳಿದಾಗ ನಲ್ಲಿ ತೆರೆಯುತ್ತದೆ, ಪೆಟ್ರೋಲು ಮಂಜಿನಂತೆ ಚಿಮ್ಮುತ್ತದೆ, ಮುಚ್ಚುತ್ತದೆ. ಐಡ್ಲಿಂಗ್‌ನಲ್ಲಿ ಒಂದು ಸಲ ತೆರೆದಿರುವ ಸಮಯ ಸುಮಾರು 2ರಿಂದ 3 ಮಿಲಿಸೆಕೆಂಡ್. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಇಂಜೆಕ್ಟರ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ.

ಥ್ರಾಟಲ್ ಪೆಟ್ರೋಲನ್ನು ನಿಯಂತ್ರಿಸುವುದಿಲ್ಲ, ಗಾಳಿಯನ್ನು ನಿಯಂತ್ರಿಸುತ್ತದೆ. ಗಾಳಿ ಒಳಬರುವ ಕೊಳವೆಯಲ್ಲಿ ದುಂಡನೆಯ ಒಂದು ಮುಚ್ಚಳ ಇರುತ್ತದೆ. ಆಕ್ಸಿಲರೇಟರ್ ತುಳಿದಾಗ ಅದು ತೆರೆದುಕೊಳ್ಳುತ್ತದೆ. ಎಷ್ಟು ತೆರೆದಿದೆ ಎಂಬುದನ್ನು ಥ್ರಾಟಲ್ ಪೊಸಿಷನ್ ಸೆನ್ಸರ್ ಇಸಿಯುಗೆ ತಿಳಿಸುತ್ತದೆ. ಹಳೆಯ ಮಿಕ್ಸಿಯ, ಫ್ಯಾನಿನ ತಿರುಗಿಸುವ ಗುಂಡಿ ನೆನಪಿಸಿಕೊಳ್ಳಿ, ಇದರ ಕೆಲಸ ಹೆಚ್ಚುಕಡಿಮೆ ಹಾಗೆಯೇ. ಸೆನ್ಸರಿಗೆ 5 ವೋಲ್ಟ್ ಬರುತ್ತದೆ. ಮುಚ್ಚಳ ಮುಚ್ಚಿದ್ದಾಗ ಸಾಮಾನ್ಯವಾಗಿ ಅರ್ಧ ವೋಲ್ಟಿನ ಆಸುಪಾಸು, ಪೂರ್ತಿ ತೆರೆದಾಗ 4.5 ವೋಲ್ಟಿನ ಆಸುಪಾಸು ವಾಪಸು ಕೊಡುತ್ತದೆ. ಕಾರಿನಿಂದ ಕಾರಿಗೆ ಈ ಅಂಕಿ ಸ್ವಲ್ಪ ಬದಲಾಗುತ್ತದೆ.

ಶುದ್ಧ ಪೆಟ್ರೋಲು 1 ಕೆಜಿ ಸರಿಯಾಗಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಎಥನಾಲ್ ಬೆರೆತ ಪೆಟ್ರೋಲಿಗೆ ಇದಕ್ಕಿಂತ ಸ್ವಲ್ಪ ಕಡಿಮೆ ಸಾಕು. ಈ ಪ್ರಮಾಣ ತಪ್ಪಿದರೆ ಏನಾಗುತ್ತದೆ ಎಂಬುದು ನಮಗೆ ಅಡುಗೆಮನೆಯಲ್ಲೇ ಗೊತ್ತು. ಬರ್ನರಿನಲ್ಲಿ ಕಸ ಕಟ್ಟಿ ಗಾಳಿ ಸರಿಯಾಗಿ ಬೆರೆಯದಿದ್ದರೆ ನೀಲಿ ಉರಿ ಹಳದಿಯಾಗುತ್ತದೆ, ಪಾತ್ರೆಯ ತಳ ಕಪ್ಪಾಗುತ್ತದೆ. ಎಂಜಿನ್ನಿನಲ್ಲಿ ಅದೇ ತೊಂದರೆ ಬೇರೆ ರೂಪದಲ್ಲಿ ಕಾಣುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಕಾರು ನಡುಗುತ್ತದೆ, ಪಿಕಪ್ ಸಿಗುವುದಿಲ್ಲ, ತುಳಿದಾಗ ಜರ್ಕ್ ಹೊಡೆಯುತ್ತದೆ, ಮೈಲೇಜ್ ಬೀಳುತ್ತದೆ, ಸೈಲೆನ್ಸರಿನಿಂದ ಪೆಟ್ರೋಲಿನ ವಾಸನೆ ಬರುತ್ತದೆ.

ತೊಡಕಿರುವುದು ಇಲ್ಲೇ. ಇಂಜೆಕ್ಟರ್ ಕಟ್ಟಿಕೊಂಡರೂ ನಡುಕ, ಸ್ಪಾರ್ಕ್ ಪ್ಲಗ್ ಸವೆದರೂ ನಡುಕ, ಇಗ್ನಿಷನ್ ಕಾಯಿಲ್ ಕೆಟ್ಟರೂ ನಡುಕ, ಎಲ್ಲೋ ಒಂದು ರಬ್ಬರ್ ಕೊಳವೆ ಸೀಳಿ ಗಾಳಿ ಒಳನುಗ್ಗಿದರೂ ನಡುಕ. ಲಕ್ಷಣ ನೋಡಿ ಭಾಗದ ಹೆಸರು ಹೇಳುವವರಿದ್ದರೆ ಅದು ಅನುಭವದ ಊಹೆ. ಊಹೆ ಸರಿಯೂ ಇರಬಹುದು, ಆದರೆ ದುಡ್ಡು ಕೊಡುವವರು ನಾವು.

ಈಗ ಕೋಡಿನ ವಿಷಯ. ಡ್ರೈವರ್ ಸೀಟಿನ ಮುಂದೆ, ಸ್ಟಿಯರಿಂಗಿನ ಕೆಳಭಾಗದಲ್ಲಿ 16 ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಒಬಿಡಿ ಪೋರ್ಟ್ ಎನ್ನುತ್ತಾರೆ. ಸ್ಕ್ಯಾನರನ್ನು ಅಲ್ಲಿ ಚುಚ್ಚಿದರೆ ಇಸಿಯು ಬರೆದಿಟ್ಟ ದೂರುಗಳು ಓದಲು ಸಿಗುತ್ತವೆ. ಮೊಬೈಲಿಗೆ ಬ್ಲೂಟೂತ್ ಮೂಲಕ ಜೋಡಿಸುವ ಸಣ್ಣ ಸ್ಕ್ಯಾನರುಗಳೂ ಆನ್‌ಲೈನಿನಲ್ಲಿ ಸಿಗುತ್ತವೆ. ನಮ್ಮ ವಿಷಯಕ್ಕೆ ಬೇಕಾದ ಕೆಲವು ಕೋಡುಗಳು ಇವು. ಪಿ0301ರಿಂದ ಪಿ0304: ಒಂದನೆಯಿಂದ ನಾಲ್ಕನೆಯ ಸಿಲಿಂಡರಿನಲ್ಲಿ ಮಿಸ್‌ಫೈರ್, ಅಂದರೆ ಉರಿ ತಪ್ಪುತ್ತಿದೆ. ಪಿ0201ರಿಂದ ಪಿ0204: ಆಯಾ ಸಿಲಿಂಡರಿನ ಇಂಜೆಕ್ಟರ್ ಸರ್ಕ್ಯೂಟಿನಲ್ಲಿ ದೋಷ. ಪಿ0171: ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು. ಪಿ0122, ಪಿ0123: ಥ್ರಾಟಲ್ ಸೆನ್ಸರಿನ ವೋಲ್ಟೇಜ್ ತೀರಾ ಕಡಿಮೆ ಅಥವಾ ತೀರಾ ಹೆಚ್ಚು. ಪಿ2135: ಥ್ರಾಟಲಿನ ಎರಡು ಸೆನ್ಸರುಗಳ ಮಾತು ಒಂದಕ್ಕೊಂದು ತಾಳೆಯಾಗುತ್ತಿಲ್ಲ.

ಇದರಲ್ಲಿ "ಸರ್ಕ್ಯೂಟ್" ಎಂಬ ಪದವನ್ನು ದಯವಿಟ್ಟು ಗಮನಿಸಿ. ಸರ್ಕ್ಯೂಟ್ ಎಂದರೆ ಇಂಜೆಕ್ಟರ್ ಮಾತ್ರ ಅಲ್ಲ. ಅದಕ್ಕೆ ಹೋಗುವ ವೈರು, ಅದರ ಕನೆಕ್ಟರ್, ಇಸಿಯುವಿನ ಒಳಗಿನ ಸ್ವಿಚ್ಚು, ಎಲ್ಲವೂ ಸೇರಿ ಸರ್ಕ್ಯೂಟ್. ಮನೆಯಲ್ಲಿ ಬಲ್ಬು ಹತ್ತದಿದ್ದರೆ ಬಲ್ಬೇ ಹೋಗಿದೆ ಎನ್ನಲಾಗದು. ಸ್ವಿಚ್ಚು, ವೈರು, ಹೋಲ್ಡರು ಯಾವುದು ಬೇಕಾದರೂ ಕೆಟ್ಟಿರಬಹುದು. ಇದೂ ಹಾಗೆಯೇ.

ಇದು ನನಗೆ ಚೆನ್ನಾಗಿ ಮನವರಿಕೆಯಾದದ್ದು ನನ್ನ ಕಾರಿನಿಂದಲೇ. ಕಳೆದ ಮಳೆಗಾಲದಲ್ಲಿ ಚಾಂದನಿ ಚೌಕದ ಏರಿನಲ್ಲಿ ಕಾರು ಜರ್ಕ್ ಹೊಡೆಯತೊಡಗಿತು. ಸ್ವಲ್ಪ ದೂರ ಹೋದಮೇಲೆ ತಾನೇ ಸರಿಯಾಗುತ್ತಿತ್ತು. ರಸ್ತೆಯ ಗುಂಡಿಗಳಲ್ಲಿ ಕುಲುಕಿದಾಗ ಮತ್ತೆ ಶುರು. ಚೆಕ್ ಎಂಜಿನ್ ದೀಪ ಹತ್ತಿತು. ದೊಡ್ಡ ಗ್ಯಾರೇಜೊಂದರಲ್ಲಿ ಸ್ಕ್ಯಾನ್ ಮಾಡಿದರು. ಪಿ0303 ಮತ್ತು ಪಿ0203, ಎರಡೂ ಮೂರನೇ ಸಿಲಿಂಡರಿನವು. "ಮ್ಯಾಡಮ್, ಇಂಜೆಕ್ಟರ್ ಗೇಲೇ" ಎಂದು ಮರಾಠಿಯಲ್ಲಿ ಹೇಳಿ, ನಾಲ್ಕನ್ನೂ ಒಟ್ಟಿಗೆ ಬದಲಾಯಿಸುವುದು ಒಳ್ಳೆಯದೆಂದು 22,000 ರೂಪಾಯಿಯ ಎಸ್ಟಿಮೇಟ್ ಕೊಟ್ಟರು. ಅವರು ಮೋಸ ಮಾಡಲು ಹೊರಟಿದ್ದರು ಎಂದು ನಾನು ಹೇಳುವುದಿಲ್ಲ. ಕೋಡಿನಲ್ಲಿ ಇಂಜೆಕ್ಟರ್ ಎಂಬ ಪದ ಇತ್ತು, ಅವರು ಅದನ್ನೇ ಓದಿದರು. ನಾನು ಒಂದೇ ಪ್ರಶ್ನೆ ಕೇಳಿದೆ: "ಇಂಜೆಕ್ಟರ್ ಕೆಟ್ಟಿದೆ ಎಂದು ಯಾವ ಅಳತೆಯಿಂದ ಗೊತ್ತಾಯಿತು?" ಉತ್ತರ ಬರಲಿಲ್ಲ. ಕೋಡಿನ ಫೋಟೋ ತೆಗೆದುಕೊಂಡು ಕಾರನ್ನು ಅಲ್ಲಿಂದ ತಂದೆ.

ಮರುದಿನ ವಾಹನದ ವೈರಿಂಗ್ ಕೆಲಸ ಮಾತ್ರ ಮಾಡುವ ಚಿಕ್ಕ ಅಂಗಡಿಯೊಂದಕ್ಕೆ ಹೋದೆ. ಅವರು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ, ಏಕೆಂದರೆ ಕ್ರಮವೇ ಮುಖ್ಯ. ಮೊದಲು ಎಂಜಿನ್ ಓಡುತ್ತಿರುವಾಗ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದು ಇಂಜೆಕ್ಟರಿನ ಮೇಲಿಟ್ಟು, ಹಿಡಿಗೆ ಕಿವಿ ಕೊಟ್ಟು ಕೇಳಿದರು. ಕೆಲಸ ಮಾಡುವ ಇಂಜೆಕ್ಟರ್ ಟಿಕ್ ಟಿಕ್ ಎನ್ನುತ್ತದೆ. ಮೂರನೆಯದು ನಡುನಡುವೆ ಸುಮ್ಮನಾಗುತ್ತಿತ್ತು. ಆಮೇಲೆ ಎಂಜಿನ್ ನಿಲ್ಲಿಸಿ, ಕನೆಕ್ಟರ್ ಬಿಚ್ಚಿ, ಮಲ್ಟಿಮೀಟರಿನಿಂದ ನಾಲ್ಕೂ ಇಂಜೆಕ್ಟರುಗಳ ರೆಸಿಸ್ಟೆನ್ಸ್ ಅಳೆದರು. ಈ ಬಗೆಯ ಇಂಜೆಕ್ಟರುಗಳಲ್ಲಿ ಅದು ಸಾಮಾನ್ಯವಾಗಿ 11ರಿಂದ 16 ಓಮ್ ಇರುತ್ತದೆ. ನಾಲ್ಕರಲ್ಲೂ ಸುಮಾರು 12 ಓಮ್ ಬಂತು. ಅಂದರೆ ಮೂರನೇ ಇಂಜೆಕ್ಟರಿನ ಒಳಗಿನ ಕಾಯಿಲ್ ಉಳಿದ ಮೂರರಂತೆಯೇ ಗಟ್ಟಿಯಾಗಿದೆ.

ಮೂರನೆಯದಾಗಿ, ಇಂಜೆಕ್ಟರಿನ ಕನೆಕ್ಟರಿಗೆ ಪುಟ್ಟದೊಂದು ಪರೀಕ್ಷಾ ದೀಪ ಸಿಕ್ಕಿಸಿ ಎಂಜಿನ್ ಚಾಲೂ ಮಾಡಿದರು. ಇಸಿಯುವಿನಿಂದ ಆಜ್ಞೆ ಬರುತ್ತಿದ್ದರೆ ಈ ದೀಪ ಮಿಣುಕುತ್ತದೆ. ಒಂದು, ಎರಡು, ನಾಲ್ಕರಲ್ಲಿ ಮಿಣುಕಿತು. ಮೂರರಲ್ಲೂ ಮಿಣುಕಿತು, ಆದರೆ ವೈರಿನ ಕಟ್ಟನ್ನು ಕೈಯಿಂದ ಅಲುಗಾಡಿಸಿದ ಕೂಡಲೇ ಆರಿತು. ವೈರಿನ ಮೇಲಿನ ಟೇಪ್ ಬಿಚ್ಚಿ ನೋಡಿದರೆ ಇಲಿ ಕಡಿದಿತ್ತು. ಎರಡು ಮೂರು ಎಳೆ ತಾಮ್ರ ಮಾತ್ರ ಉಳಿದಿತ್ತು. ಮಳೆಗಾಲದಲ್ಲಿ ನಮ್ಮ ಸೊಸೈಟಿಗಳ ಪಾರ್ಕಿಂಗಿನಲ್ಲಿ ಇಲಿಗಳು ಬೆಚ್ಚಗಿನ ಎಂಜಿನ್ ಹುಡುಕಿ ಬರುವುದು ನಿಮಗೂ ಗೊತ್ತು. ಬೆಸುಗೆ ಹಾಕಿ, ಮೇಲೆ ಕವಚ ತೊಡಿಸಿ, 600 ರೂಪಾಯಿ ತೆಗೆದುಕೊಂಡರು. ನಾಲ್ಕು ಹೊಸ ಇಂಜೆಕ್ಟರ್ ಹಾಕಿಸಿದ್ದರೂ ಅದೇ ಕಡಿದ ವೈರಿಗೇ ಜೋಡಿಸುತ್ತಿದ್ದರು, ಜರ್ಕ್ ಹಾಗೆಯೇ ಉಳಿಯುತ್ತಿತ್ತು.

ಸರ್ಕ್ಯೂಟ್ ಕೋಡು ಇಲ್ಲದೆ ಬರೀ ಮಿಸ್‌ಫೈರ್ ಕೋಡು ಬಂದಿದ್ದರೆ ಇನ್ನೂ ಸುಲಭದ ಪರೀಕ್ಷೆ ಇದೆ, ಅದಲು ಬದಲು. ಮೂರನೆಯ ಸಿಲಿಂಡರಿನ ಇಗ್ನಿಷನ್ ಕಾಯಿಲನ್ನು ಒಂದನೆಯದಕ್ಕೆ, ಒಂದನೆಯದನ್ನು ಮೂರಕ್ಕೆ ಹಾಕಿ ಓಡಿಸುವುದು. ಪಿ0303 ಹೋಗಿ ಪಿ0301 ಬಂದರೆ ಕಾಯಿಲೇ ಕಳ್ಳ. ದೋಷ ಮೂರರಲ್ಲೇ ಉಳಿದರೆ ಮುಂದೆ ಸ್ಪಾರ್ಕ್ ಪ್ಲಗ್, ಆಮೇಲೆ ಇಂಜೆಕ್ಟರ್. ಹೊಸ ಭಾಗ ಒಂದನ್ನೂ ಕೊಳ್ಳದೆ ಉತ್ತರ ಸಿಗುತ್ತದೆ.

ಗಾಳಿ ಹೆಚ್ಚು ಎನ್ನುವ ಪಿ0171 ಬಂದಾಗಲೂ ಇಂಜೆಕ್ಟರ್ ಮೇಲೆಯೇ ಮೊದಲ ಅನುಮಾನ ಬೀಳುತ್ತದೆ. ಅಲ್ಲಿ ಸ್ಕ್ಯಾನರಿನಲ್ಲಿ "ಫ್ಯೂಯಲ್ ಟ್ರಿಮ್" ಎಂಬ ಅಂಕಿ ನೋಡಬೇಕು. ಲೆಕ್ಕಕ್ಕಿಂತ ಎಷ್ಟು ಪ್ರತಿಶತ ಹೆಚ್ಚು ಪೆಟ್ರೋಲನ್ನು ಇಸಿಯು ಸುರಿಯಬೇಕಾಗಿ ಬಂದಿದೆ ಎಂಬುದು ಅದರ ಅರ್ಥ. ಸೊನ್ನೆಯ ಹತ್ತಿರ ಇದ್ದರೆ ಆರೋಗ್ಯ, 10 ದಾಟಿದರೆ ಹುಡುಕಬೇಕು. ಐಡ್ಲಿಂಗಿನಲ್ಲಿ ಹೆಚ್ಚಿದ್ದು, 2500 ಸುತ್ತಿಗೆ ಏರಿಸಿದಾಗ ಇಳಿದರೆ, ಎಲ್ಲೋ ಕೊಳವೆ ಸೀಳಿ ಗಾಳಿ ನುಗ್ಗುತ್ತಿರುವ ಸಾಧ್ಯತೆ ಹೆಚ್ಚು. ವೇಗ ಹೆಚ್ಚಿದಂತೆ ಅಂಕಿಯೂ ಏರಿದರೆ ಪೆಟ್ರೋಲ್ ಪಂಪು, ಫಿಲ್ಟರು, ಕಟ್ಟಿಕೊಂಡ ಇಂಜೆಕ್ಟರ್ ಇವುಗಳ ಕಡೆ ನೋಡಬೇಕು.

ಇನ್ನು ಥ್ರಾಟಲ್. ಇದು ನಮ್ಮ ವೇದಿಕೆಯ ಅಕ್ಕ ಒಬ್ಬರ ಅನುಭವ, ಅವರ ಒಪ್ಪಿಗೆ ಪಡೆದು ಹೇಳುತ್ತಿದ್ದೇನೆ. ಮುಂಬೈಗೆ ಹೋಗುವಾಗ ಎಕ್ಸ್‌ಪ್ರೆಸ್‌ವೇಯಲ್ಲಿ ಅವರ ಕಾರು ಇದ್ದಕ್ಕಿದ್ದಂತೆ ಶಕ್ತಿ ಕಳೆದುಕೊಂಡಿತು. ಎಷ್ಟು ತುಳಿದರೂ ವೇಗ ಏರಲಿಲ್ಲ. ಹಿಂದೆ ಟ್ರಕ್ಕುಗಳು. ಅವರು ಗಾಬರಿಯಾಗದೆ ಹಜಾರ್ಡ್ ದೀಪ ಹಾಕಿ, ನಿಧಾನಕ್ಕೆ ಎಡಕ್ಕೆ ಸರಿದು ನಿಲ್ಲಿಸಿದರು. ಕೋಡು ಪಿ2135.

ಈಗಿನ ಕಾರುಗಳಲ್ಲಿ ಆಕ್ಸಿಲರೇಟರಿನಿಂದ ಥ್ರಾಟಲಿಗೆ ಕೇಬಲ್ ಇರುವುದಿಲ್ಲ. ತುಳಿದದ್ದು ವಿದ್ಯುತ್ ಸಂಕೇತವಾಗಿ ಹೋಗುತ್ತದೆ, ಮೋಟಾರು ಮುಚ್ಚಳ ತೆರೆಯುತ್ತದೆ. ಸೆನ್ಸರ್ ಸುಳ್ಳು ಹೇಳಿದರೆ ಕಾರು ತಾನೇ ನುಗ್ಗಬಾರದಲ್ಲ, ಅದಕ್ಕಾಗಿ ಒಂದರ ಬದಲು ಎರಡು ಸೆನ್ಸರ್ ಇಟ್ಟಿರುತ್ತಾರೆ. ಅನೇಕ ಕಾರುಗಳಲ್ಲಿ ಒಂದರ ವೋಲ್ಟೇಜ್ ಏರಿದಂತೆ ಇನ್ನೊಂದರದು ಇಳಿಯುತ್ತದೆ, ಎರಡನ್ನೂ ಕೂಡಿಸಿದರೆ ಯಾವಾಗಲೂ 5ರ ಆಸುಪಾಸು ಬರಬೇಕು. ಲೆಕ್ಕ ತಪ್ಪಿದರೆ ಇಸಿಯು ಎರಡನ್ನೂ ನಂಬದೆ ಎಂಜಿನ್ನಿನ ಶಕ್ತಿಯನ್ನೇ ಕಡಿತಗೊಳಿಸುತ್ತದೆ. ಇದಕ್ಕೆ ಲಿಂಪ್ ಮೋಡ್ ಎನ್ನುತ್ತಾರೆ, ಕುಂಟುತ್ತಾ ಹೋಗುವುದು. ಅಂದರೆ ಆ ದಿನ ಕಾರು ಅವರಿಗೆ ಕೈಕೊಡಲಿಲ್ಲ, ಅವರನ್ನು ಕಾಪಾಡಿತು.

ಅವರ ಕಾರಿನಲ್ಲಿ ಮೊದಲು ಕನೆಕ್ಟರ್ ಬಿಚ್ಚಿ ನೀರು, ತುಕ್ಕು ಇದೆಯೇ ನೋಡಿದರು. ಸ್ವಚ್ಛವಾಗಿತ್ತು. ಸೆನ್ಸರಿಗೆ 5 ವೋಲ್ಟ್ ಸರಿಯಾಗಿ ಬರುತ್ತಿತ್ತು. ಆಮೇಲೆ ಸ್ಕ್ಯಾನರಿನಲ್ಲಿ ಎರಡೂ ಸೆನ್ಸರುಗಳ ಗ್ರಾಫ್ ಹಾಕಿ, ಪೆಡಲನ್ನು ನಿಧಾನಕ್ಕೆ ತುಳಿದು ಬಿಟ್ಟರು. ಒಂದರ ಗೆರೆ ನುಣುಪಾಗಿ ಏರಿಳಿಯಿತು. ಇನ್ನೊಂದು ಪ್ರತಿ ಸಲವೂ ಅದೇ ಜಾಗದಲ್ಲಿ ದಬಕ್ಕನೆ ಬಿದ್ದು ಎದ್ದಿತು. ವೈರು ಅಲುಗಾಡಿಸಿದರೂ ವ್ಯತ್ಯಾಸವಿಲ್ಲ. ಅಂದರೆ ಒಳಗಿನ ಪಟ್ಟಿ ಸವೆದಿದೆ. ಆ ಕಾರಿನಲ್ಲಿ ಸೆನ್ಸರ್ ಬಿಡಿಯಾಗಿ ಸಿಗದ ಕಾರಣ ಇಡೀ ಥ್ರಾಟಲ್ ಬಾಡಿ ಬದಲಾಯಿಸಬೇಕಾಯಿತು. ಖರ್ಚು ಸಣ್ಣದೇನಲ್ಲ. ಪರೀಕ್ಷೆ ಮಾಡಿಸಿದರೆ ಯಾವಾಗಲೂ ದುಡ್ಡು ಉಳಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಖರ್ಚು ಮಾಡಿದ್ದು ಸರಿಯಾದ ಜಾಗಕ್ಕೆ ಎಂಬ ನೆಮ್ಮದಿ ಸಿಗುತ್ತದೆ. ಅಕ್ಕ ಈಗಲೂ ಅದೇ ಕಾರಿನಲ್ಲಿ ಘಾಟಿ ಹತ್ತಿ ಇಳಿಯುತ್ತಿದ್ದಾರೆ.

ಥ್ರಾಟಲಿನಲ್ಲಿ ಇನ್ನೊಂದು ಸಣ್ಣ ತೊಂದರೆ ಇದೆ. ಮುಚ್ಚಳದ ಅಂಚಿಗೆ ಮಸಿ ಕಟ್ಟಿ ಐಡ್ಲಿಂಗ್ ಏರುಪೇರಾಗುತ್ತದೆ. ಇದಕ್ಕೆ ಸೆನ್ಸರ್ ಬೇಡ, ಥ್ರಾಟಲಿಗೆಂದೇ ಸಿಗುವ ಕ್ಲೀನರ್ ಮತ್ತು ಬಟ್ಟೆ ಸಾಕು. ಆದರೆ ಸ್ವಚ್ಛ ಮಾಡಿದ ಮೇಲೆ ಅನೇಕ ಕಾರುಗಳಲ್ಲಿ ಮುಚ್ಚಳದ ಹೊಸ ಸ್ಥಾನವನ್ನು ಇಸಿಯುಗೆ ಮತ್ತೆ ಕಲಿಸಬೇಕು. ಆ ಸೆಟ್ಟಿಂಗ್ ಮಾಡದೆ ಕಳಿಸಿದರೆ ಐಡ್ಲಿಂಗ್ ಮೊದಲಿಗಿಂತ ಕೆಡಬಹುದು, ಆಗ "ಸೆನ್ಸರ್ ಹೋಗಿದೆ" ಎಂಬ ಮಾತು ಬರುತ್ತದೆ.

ಈಗ ಸುರಕ್ಷತೆಯ ಎರಡು ಮಾತು. ಚೆಕ್ ಎಂಜಿನ್ ದೀಪ ಒಂದೇ ಸಮನೆ ಹತ್ತಿದ್ದರೆ, ಕಾರು ಸರಿಯಾಗಿ ಓಡುತ್ತಿದ್ದರೂ ಒಂದೆರಡು ದಿನಗಳಲ್ಲಿ ತೋರಿಸಿ. ಅದು ಮಿಣುಕುತ್ತಿದ್ದರೆ ಜೋರು ಮಿಸ್‌ಫೈರ್ ಇದೆ ಎಂದರ್ಥ. ಉರಿಯದ ಪೆಟ್ರೋಲು ಸೈಲೆನ್ಸರಿನ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ, ಅದು ಇಂಜೆಕ್ಟರಿಗಿಂತ ಬಹಳ ದುಬಾರಿ. ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಎರಡನೆಯದು, ಕೋಡು ಓದುವುದು, ಗ್ರಾಫ್ ನೋಡುವುದು ನಾವು ಮಾಡಬಹುದಾದ ಕೆಲಸ. ಪೆಟ್ರೋಲಿನ ಪೈಪು ಬಿಚ್ಚುವುದು, ಇಂಜೆಕ್ಟರ್ ಹೊರತೆಗೆಯುವುದು ಅಲ್ಲ. ಎಂಜಿನ್ ನಿಲ್ಲಿಸಿದ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಚಿಮ್ಮಿದರೆ ಬೆಂಕಿಯೇ.

ಗ್ಯಾರೇಜಿನಲ್ಲಿ ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಒಂದು, ಕೋಡಿನ ಸಂಖ್ಯೆ ಏನು? ಅಳಿಸುವ ಮೊದಲು ಫೋಟೋ ತೆಗೆಯುತ್ತೇನೆ. ಎರಡು, ಈ ಭಾಗವೇ ಕೆಟ್ಟಿದೆ ಎಂದು ಏನನ್ನು ಅಳೆದು ಗೊತ್ತಾಯಿತು, ಎಷ್ಟು ಬಂತು, ಎಷ್ಟಿರಬೇಕಿತ್ತು? ಮೂರು, ವೈರು ಮತ್ತು ಕನೆಕ್ಟರ್ ನೋಡಿದಿರಾ? ನಾಲ್ಕು, ಬದಲಾಯಿಸಿದರೆ ಹಳೆಯ ಭಾಗ ನನಗೆ ಕೊಡುತ್ತೀರಾ? ಇದನ್ನು ಜಗಳದ ದನಿಯಲ್ಲಿ ಕೇಳಬೇಕಿಲ್ಲ. "ದಾದಾ, ಜರಾ ಸಮಜಾವೂನ ಸಾಂಗಾ" ಎಂದು ನಗುತ್ತಲೇ ಕೇಳಿ. ಕೆಲಸ ಬಲ್ಲ ಮೆಕ್ಯಾನಿಕ್ ಸಂತೋಷದಿಂದ ತೋರಿಸುತ್ತಾನೆ. ತೋರಿಸಲು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಕೊನೆಯದಾಗಿ ವೇದಿಕೆಗೆ ನನ್ನದೊಂದು ಸಲಹೆ. ನಮ್ಮ ಲೈಬ್ರರಿಯ ಪುಸ್ತಕಗಳಂತೆ ಒಂದು ಸ್ಕ್ಯಾನರನ್ನೂ ವೇದಿಕೆಯ ಹೆಸರಿನಲ್ಲಿ ಕೊಂಡಿಡೋಣ. ಬೇಕಾದವರು ಒಯ್ದು, ಕೋಡು ಓದಿ, ಫೋಟೋ ತೆಗೆದು, ವಾಪಸು ಕೊಡಲಿ. ಅರ್ಥವಾಗದಿದ್ದರೆ ಗುಂಪಿನಲ್ಲಿ ಹಾಕಿ, ಕೂಡಿ ಓದೋಣ. ಬಳಸುವುದನ್ನು ಕಲಿಸಲು ಮುಂದಿನ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಸಂಘದ ಪಾರ್ಕಿಂಗಿನಲ್ಲಿ ನಾನು ಇರುತ್ತೇನೆ. ನಿಮ್ಮ ಕಾರು ತನ್ನಿ, ಬಾನೆಟ್ ತೆರೆಯುವ ಲಿವರ್ ಎಲ್ಲಿದೆ ಎಂದು ನೋಡಿಕೊಂಡು ಬನ್ನಿ.